ಮೊದಲ ತುತ್ತು ಹೈದರಸಾಬರದೇ

ಭಾಗ್ಯನಗರದ ಓಣಿಗೆ ಇನ್ನೂ ನಲ್ಲಿ ನೀರು ಬಂದಿಲ್ಲ. ಹೈದರಸಾಬ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಜೋಳದ ರೊಟ್ಟಿ, ತತ್ತಿ ಪಲ್ಯ. ಬಲೆ ಬೆನ್ನ ಹಿಂದಿದೆ. ಎದುರಿನ ಗಟಾರದ ಬಳಿ ಕಂದು ಬಣ್ಣದ ತಾಯಿನಾಯಿ ಮರಿಗಳನ್ನು ಬಿಟ್ಟು ಎದ್ದು ನಿಂತಿದೆ. ಇವರು ಅದರತ್ತ ನೋಡುವುದೇ ಇಲ್ಲ, ಆರಾಮಾಗಿ ಉಣ್ಣುತ್ತಾರೆ.

ಬೀದಿನಾಯಿ ಹಿಡಿದು ರೇಬೀಸ್ ಲಸಿಕೆ ಹಾಕಿಸುವುದು ಇವರ ಕೆಲಸ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಕರೆದಲ್ಲಿಗೆ ಹೋಗುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ನಾಯಿ. ಮೊದಲು ಮದುವೆಗಳಿಗೆ ಬಿರಿಯಾನಿ ಮಾಡುತ್ತಿದ್ದವರು, ಹೊಗೆಗೆ ಉಬ್ಬಸ ಹತ್ತಿ ಬಿಟ್ಟರು. ನಾಯಿಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜು ಆಗದೆಂದು ಹೆಂಡತಿ ತಾಜಬೀ ಹಿತ್ತಲಲ್ಲೇ ನೀರು, ಬೇರೆ ಲುಂಗಿ ಇಟ್ಟಿರುತ್ತಾರೆ. ಬೀಗರು ಕೇಳಿದರೆ ಗಂಡನದು ಸರಕಾರಿ ಕೆಲಸ ಎಂದುಬಿಡುತ್ತಾರಂತೆ. ಪೂರ್ತಿ ಸುಳ್ಳೇನಲ್ಲ ಬಿಡಿ, ಕೂಲಿ ಕೊಡುವುದು ಪುರಸಭೆಯೇ.

ಇಂದಿನ ಕೆಲಸ ಸಲೀಸಲ್ಲ. ಹೋದ ತಿಂಗಳು ಯಾರೋ ಮಾಂಸದಲ್ಲಿ ವಿಷವಿಟ್ಟು ಈ ಓಣಿಯ ಎರಡು ನಾಯಿ ಕೊಂದರು. ಅಂದಿನಿಂದ ತಾಯಿನಾಯಿ ಯಾರು ಏನು ಹಾಕಿದರೂ ಮೂಸಿ ಹಿಂದೆ ಸರಿಯುತ್ತದೆ. ಎದುರು ಮನೆಯ ಲಲಿತಾ ಹಾಲನ್ನ ಇಟ್ಟು ಸೋತಿದ್ದಾರೆ. ಇಂದು ಲಸಿಕೆ ಆಗದಿದ್ದರೆ ಮರಿಸಮೇತ ಊರಾಚೆ ಒಯ್ದು ಬಿಡುವುದೆಂದು ಓಣಿಯವರ ತೀರ್ಮಾನ. ಆ ಎಳೆಮರಿಗಳು ಅಲ್ಲಿ ಬದುಕಿ ಉಳಿಯುವುದಿಲ್ಲ.

ಆದರೂ ಅದರ ಕಣ್ಣು ಈಗ ರೊಟ್ಟಿಯ ಮೇಲೆಯೇ ಇದೆ. ನಾಯಿಗೆ ನಮ್ಮ ಊಟವೆಂದರೆ ಯಾಕಿಷ್ಟು ಆಸೆ ಎಂದು, ಇವರ ಕೆಲಸ ನೋಡಲು ಬಂದ ನಾನು ಹೈದರಸಾಬರನ್ನು ಕೇಳುತ್ತೇನೆ.

"ಎಣ್ಣಿ, ಉಪ್ಪಿನ ವಾಸನಿ ಐತಲ್ರಿ. ಅದಕ್ಕಿಂತಾ ನಂಬಿಕಿ ಭಾಳ. ನಾವು ತಿನ್ನೂದು ನೋಡ್ತಾವ. ಇಂವಗ ಏನೂ ಆಗಲಿಲ್ಲ, ನನಗೂ ಆಗಂಗಿಲ್ಲ ಅಂತಾವ."

ಒಂದು ತುತ್ತು ತಾವು ತಿಂದು, ಅದೇ ರೊಟ್ಟಿಯ ಚೂರನ್ನು ಪಕ್ಕಕ್ಕಿಡುತ್ತಾರೆ. ರೊಟ್ಟಿ ಮುಗಿಯುವ ಹೊತ್ತಿಗೆ ನಾಯಿ ಕಟ್ಟೆಯ ಬುಡಕ್ಕೆ ಬಂದಿದೆ. ಬಲೆ ಬೀಳುತ್ತದೆ. ಅದರ ಚೀರಾಟ ಕೇಳಲಾಗದೆ ಲಲಿತಾ ಒಳಗೆ ಹೋಗುತ್ತಾರೆ. ಜೊತೆಗೆ ಬಂದ ಪಶುವೈದ್ಯರು ಸೂಜಿ ಚುಚ್ಚಿ, ಬೆನ್ನಿಗೆ ಬಣ್ಣದ ಗುರುತು ಹಚ್ಚುತ್ತಾರೆ. ಬಲೆ ಬಿಚ್ಚಿದ್ದೇ ತಡ, ನಾಯಿ ಮರಿಗಳ ಬಳಿ ಓಡುತ್ತದೆ.

ಅಲ್ಲಿಗೆ ಕೆಲಸ ಮುಗಿಯಿತು. ಹೈದರಸಾಬ ಮಾತ್ರ ಮತ್ತೆ ಕಟ್ಟೆಗೆ ಬಂದು, ಮಧ್ಯಾಹ್ನಕ್ಕೆಂದು ಇಟ್ಟುಕೊಂಡ ರೊಟ್ಟಿ ತೆಗೆಯುತ್ತಾರೆ. ನಮ್ಮನ್ನು ಕರೆತಂದ ಜೀಪಿನವನು ಹಾರ್ನ್ ಹೊಡೆದರೂ ಏಳುವುದಿಲ್ಲ. ಬಹಳ ಹೊತ್ತಿನ ಮೇಲೆ ನಾಯಿ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತ ಬರುತ್ತದೆ. ತುತ್ತು ಅಗಿಯುತ್ತಿರುವ ಇವರ ಬಾಯನ್ನೇ ನೋಡುತ್ತದೆ. ಆಮೇಲೆ ಕೈಯೊಳಗಿನ ಚೂರನ್ನು ತೆಗೆದುಕೊಳ್ಳುತ್ತದೆ.

ಹೈದರಸಾಬ ಕೈ ಒರೆಸಿಕೊಂಡು ಏಳುತ್ತಾರೆ.

"ರೊಟ್ಟಿ ತೋರಿಸಿ ಹಿಡದೇನ್ರಿ. ಹಂಗ ಬಿಟ್ಟು ಹೋದ್ರ, ವಿಷ ಇಟ್ಟಾಂವಗೂ ನನಗೂ ಏನ್ ಫರಕ್ ಉಳೀತು?"