ಮೂರನೇ ಗೇರಿನ ತಕರಾರು

ನನ್ನ ತಮ್ಮನಿಗೆ ಗೇರ್ ಹಾಕಲು ಬರುವುದಿಲ್ಲ. ಅಪ್ಪ ತೀರಿಕೊಂಡಾಗಿನಿಂದ ಇದನ್ನು ನಾನು ಕಂಡಕಂಡವರ ಹತ್ತಿರ ಹೇಳಿಕೊಂಡು ಬಂದಿದ್ದೆ. ಅಜ್ಜಂಪುರದಲ್ಲಿ ನಾನು ಪಾಠ ಮಾಡುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ಒಂದು ಸಲ ಅವನ ಮಾವನ ಎದುರಿಗೇ. ಹೇಳಿದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು.

ಅಪ್ಪ ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. ಜೊತೆಯ ವ್ಯಾಪಾರಿಗಳೆಲ್ಲ ತೋಟದ ದಾರಿಗೂ ಆಗಲಿ ಎಂದು ಎತ್ತರದ ಗಾಡಿ ಕೊಂಡರೆ, ಇವನು ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್ ತಂದ. ನೆಲಕ್ಕೆ ಅಂಟಿಕೊಂಡ ಗಾಡಿ, ಆರು ಗೇರು, ಎಲ್ಲವನ್ನೂ ಕೈಯಲ್ಲೇ ಹಾಕಬೇಕು. ಸಖರಾಯಪಟ್ಟಣದ ರಸ್ತೆಯ ಹಂಪುಗಳ ಮೇಲೆ ಹೊಟ್ಟೆ ಉಜ್ಜುತ್ತಿತ್ತು. "ಇದೇನಣ್ಣ, ಉಡ ಹಿಡ್ಕಂಡ್ ಬಂದಂಗೆ ಬಂದಿದೀಯ" ಎಂದು ಮಂಡಿಯವರು ನಕ್ಕರು. ಅಪ್ಪ ಅವರನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ಬೀರೂರಿನ ತನಕ ಹೋಗಿ ಬಂದ ಮೇಲೆ ಯಾರೂ ನಗಲಿಲ್ಲ.

ಅಪ್ಪ ಹೋದ ಮೇಲೆ ನಾನು ಪಾಲು ಕೇಳಿದೆ. ಕಾನೂನು ಕೊಟ್ಟ ಪಾಲು, ಭಿಕ್ಷೆಯಲ್ಲ. ಅಷ್ಟಕ್ಕೇ ನೆಂಟರಿಷ್ಟರ ಬಾಯಲ್ಲಿ ನಾನು ತವರಿಗೆ ಮಣ್ಣು ಹಾಕಿದವಳಾದೆ. ತಮ್ಮ ಮಾತು ಬಿಟ್ಟ. ಬಿಡಲಿ, ಯಾರಿಗೆ ಬೇಕು ಅವನ ಮಾತು! ಜಮೀನು, ಅಂಗಡಿ, ಮನೆ ಎಲ್ಲ ಹಂಚಿಕೆಯಾಗಿ ಖಾತೆಯೂ ಬದಲಾಯಿತು. ಉಳಿದದ್ದು ಕಾರು. ಬೀರೂರಿನಲ್ಲಿ ದೊಡ್ಡಪ್ಪನ ಮನೆಯ ಜಗಲಿಯ ಮೇಲೆ ಕೂತು ಅದರ ಮಾತು ಬಂದಾಗ ತಮ್ಮ ನನ್ನ ಮುಖ ನೋಡದೆ, "ಆ ಗಾಡಿ ಹೆಂಗಸ್ರು ಓಡ್ಸೋದಲ್ಲ ದೊಡ್ಡಪ್ಪ. ಅಕ್ಕಂಗೆ ಬೇಕಂದ್ರೆ ಒಂದು ಆಟೋಮ್ಯಾಟಿಕ್ ತಗಳ್ಳಿ" ಎಂದ.

ಮೈಯೆಲ್ಲ ಉರಿದುಹೋಯಿತು. ಅಂಗಡಿಯ ಪಾಲನ್ನಾದರೂ ಬಿಡುತ್ತಿದ್ದೆನೇನೋ, ಆ ಮಾತು ಕೇಳಿದ ಮೇಲೆ ಕಾರಿನ ಒಂದು ನಟ್ಟನ್ನೂ ಬಿಡುವವಳಲ್ಲ ಎಂದೆ. ಇಬ್ಬರೂ ಮಧ್ಯಾಹ್ನದ ತನಕ ಕಚ್ಚಾಡಿದ ಮೇಲೆ ದೊಡ್ಡಪ್ಪನಿಗೆ ಸಾಕಾಯಿತು. "ಬಾವಿ ನೀರಿಗೆ ಸರದಿ ಇಡಲ್ವೇನ್ರೋ? ಹಂಗೇ ಇದಕ್ಕೂ ಇಟ್ಕಳಿ. ಅಮಾಸೆಯಿಂದ ಹುಣ್ಣಿಮೆಗಂಟ ಅವಳ್ದು, ಹುಣ್ಣಿಮೆಯಿಂದ ಅಮಾಸೆಗಂಟ ನಿಂದು. ಗಾಡಿ ತಂದು ನನ್ನ ಅಂಗಳದಲ್ಲಿ ನಿಲ್ಸಿ, ಬೀಗದ ಕೈ ಆ ಮೊಳೆಗೆ ತಗಲಾಕಿ. ಇನ್ನೊಬ್ರು ಬಂದು ತಗಂಡ್ ಹೋಗ್ತೀರ. ಒಬ್ರ ಮಖ ಒಬ್ರು ನೋಡೋದೇ ಬ್ಯಾಡ." ಬಾವಿ ನೀರಿನಂತೆ ಸರದಿಯ ಮೇಲೆ ಓಡಾಡುವ ಕಾರು ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಆ ಗೇರಿನ ಸುಖ ಹೇಗೆ ಹೇಳಲಿ. ರಾಡ್ ಗಿಡ್ಡ, ಮಣಿಕಟ್ಟು ಅಲುಗಿದರೆ ಸಾಕು. ಒಂದರಿಂದ ಎರಡಕ್ಕೆ ಎಳೆದರೆ ಒಂದು ಗಳಿಗೆ ಬಿಗುಮಾನ ಮಾಡಿ ಆಮೇಲೆ ಚಟ್ ಎಂದು ಕೂರುತ್ತದೆ. ಎರಡರಿಂದ ಮೂರಕ್ಕೆ ನೂಕುವುದೂ ಬೇಡ, ನಡುವಿಗೆ ತಂದು ಬೆರಳು ಸಡಿಲಿಸಿದರೆ ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ. ಕ್ಲಚ್ ಹಿಡಿಯುವ ಜಾಗ ನನ್ನ ಕಾಲಿನ ಹೆಬ್ಬೆರಳಿಗೆ ಗೊತ್ತು. ಅದಕ್ಕೇ ಚಪ್ಪಲಿ ಕಳಚಿ ಹಿಂದಕ್ಕೆಸೆದು, ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ ಬರಿಗಾಲಲ್ಲಿ ಓಡಿಸುವುದು. ತಿರುವಿಗೆ ಮುಂಚೆ ನಾಲ್ಕರಿಂದ ಮೂರಕ್ಕೆ ಇಳಿಸುವಾಗ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಇಂಜಿನ್ನಿನ ವೇಗ ಏರಿಸಿ ಕ್ಲಚ್ ಬಿಟ್ಟರೆ ಪಕ್ಕದವರ ತಲೆ ಕೂಡ ಅಲುಗುವುದಿಲ್ಲ. ಆಟೋಮ್ಯಾಟಿಕ್ ಅಂತೆ! ಅದರಲ್ಲಿ ಕೂತರೆ ನನಗೆ ಬಸ್ಸಿನಲ್ಲಿ ಕೂತ ಹಾಗೇ. ಅದು ಕರೆದುಕೊಂಡು ಹೋಗುತ್ತದೆ, ನಾವು ಹೋಗುತ್ತೇವೆ.

ಪ್ರತಿ ಅಮಾವಾಸ್ಯೆಯ ಬೆಳಗ್ಗೆ ಬೀರೂರಿಗೆ ಹೋಗಿ ಕಾರಿನ ಬಾಗಿಲು ತೆಗೆದರೆ ತಮ್ಮನ ದರಿದ್ರವೆಲ್ಲ ಒಳಗೆ ಕೂತಿರುತ್ತಿತ್ತು. ಹಿಂದಕ್ಕೆ ಒರಗಿಸಿದ ಸೀಟು. ಕಾಲಡಿಯಲ್ಲಿ ತೆಂಗಿನ ನಾರಿನ ಧೂಳು. ಒಂದು ಸಲ ಗೇರ್ ರಾಡಿನ ತಲೆಗೆ ಕೆಂಪು ಮಖಮಲ್ಲಿನ ಟೋಪಿ ತೊಡಿಸಿದ್ದ. ಕಿತ್ತು ದೊಡ್ಡಪ್ಪನ ತಿಪ್ಪೆಗೆ ಎಸೆದೆ. ಕಾರು ಹೊರಟ ಮೇಲೆ ಇನ್ನೊಂದು ಪರೀಕ್ಷೆ. ಕ್ಲಚ್ ಸುಟ್ಟ ವಾಸನೆ ಇದೆಯೋ, ಎರಡನೇ ಗೇರು ಮುನಿಸಿಕೊಂಡಿದೆಯೋ, ರಿವರ್ಸ್ ಕಿರುಗುಟ್ಟುತ್ತದೆಯೋ ಎಂದು ಮೂಗು, ಕಿವಿ, ಅಂಗೈ ಎಲ್ಲ ಒಡ್ಡಿ ಹುಡುಕುತ್ತಿದ್ದೆ. ಸಿಗಲಿ ಎಂದೇ ಹುಡುಕುತ್ತಿದ್ದೆ, ಸುಳ್ಳೇಕೆ ಹೇಳಲಿ. ಸಿಕ್ಕಿದ್ದನ್ನು ದೊಡ್ಡಪ್ಪನಿಗೆ ಫೋನ್ ಮಾಡಿ ಒಪ್ಪಿಸುತ್ತಿದ್ದೆ. "ಅವ್ನು ಕಾರಲ್ಲ ದೊಡ್ಡಪ್ಪ, ಟ್ರ್ಯಾಕ್ಟರ್ ಓಡಿಸ್ತಾವ್ನೆ." ದೊಡ್ಡಪ್ಪ ಹೂಂ ಎನ್ನುತ್ತಿದ್ದ, ಅಷ್ಟೇ.

ಹೋದ ವರ್ಷ ನನ್ನ ಸರದಿಯಲ್ಲೇ ಅದಾಯಿತು. ಸಹೋದ್ಯೋಗಿಗಳಿಬ್ಬರನ್ನು ಕೂರಿಸಿಕೊಂಡು ಲಕ್ಕವಳ್ಳಿಯಿಂದ ತರೀಕೆರೆಗೆ ಬರುತ್ತಿದ್ದೆ. ಇಳಿಜಾರಿನಲ್ಲಿ ಮೂರನೇ ಗೇರು ತನ್ನಷ್ಟಕ್ಕೆ ಕಳಚಿ ನ್ಯೂಟ್ರಲ್ಲಿಗೆ ಬಂತು. ಇಂಜಿನ್ನಿನ ಹಿಡಿತ ತಪ್ಪಿ ಕಾರು ಜಾರತೊಡಗಿತು. ಹಿಂದೆ ಕೂತವಳು ಶಿವಶಿವಾ ಎಂದು ಕಿರುಚಿಕೊಂಡಳು. ಬ್ರೇಕ್ ಒತ್ತಿ ನಿಲ್ಲಿಸಿ, ಮತ್ತೆ ಮೂರಕ್ಕೆ ಹಾಕಿದೆ. ಫರ್ಲಾಂಗು ಹೋಗುವಷ್ಟರಲ್ಲಿ ಮತ್ತೆ ಕಳಚಿತು. ನನಗೆ ಭಯವಾಗಲಿಲ್ಲ. ಕೊನೆಗೂ ಸಿಕ್ಕಿಬಿದ್ದ ಎಂದು ಖುಷಿಯಾಯಿತು.

ಸೀದಾ ಬೀರೂರಿಗೆ ಹೋದೆ. "ಗೇರ್ ಬಾಕ್ಸ್ ಬಿಚ್ಚಿಸ್ತೀನಿ ದೊಡ್ಡಪ್ಪ. ಯಾರ ಕೈಯಿಂದ ಕೆಟ್ಟೈತೋ ಅವರು ಸರದಿ ಬಿಡಬೇಕು. ಗಾಡಿ ಪೂರ್ತಿ ಇನ್ನೊಬ್ಬರಿಗೆ."

"ನೋಡಮ್ಮ, ಆಡಿದ್ ಮಾತು ಆಮೇಲೆ ನುಂಗಕ್ಕಾಗಲ್ಲ."

"ನಾನ್ಯಾಕೆ ನುಂಗ್ಲಿ? ಅವನಿಗೆ ಹೇಳಿ."

ದೊಡ್ಡಪ್ಪ ಅಲ್ಲೇ ಫೋನ್ ಮಾಡಿ ಶರತ್ತು ಹೇಳಿದ. ಅತ್ತಲಿಂದ ತಮ್ಮನ ದನಿ ಕೇಳಿಸಿತು. "ಆಗ್ಲಿ ಬಿಡಿ." ಅಷ್ಟು ಬೇಗ ಒಪ್ಪಿದ್ದಕ್ಕೂ ನನಗೆ ಸಿಟ್ಟೇ ಬಂತು.

ಮರುದಿನ ಕಾರನ್ನು ತರೀಕೆರೆಯ ಮೆಕ್ಯಾನಿಕ್ಕಿನ ಹತ್ತಿರ ಒಯ್ದೆ. ಗೇರ್ ಬಾಕ್ಸ್ ಕೆಲಸದಲ್ಲಿ ಪಳಗಿದ ಮನುಷ್ಯ, ಮಾತು ಕಡಿಮೆ. "ನೀವೇ ಓಡ್ಸಿ ಮೇಡಂ, ನಾನು ನೋಡ್ತೀನಿ" ಎಂದು ಪಕ್ಕದಲ್ಲಿ ಕೂತ. ಊರಾಚೆಗೆ ಒಂದು ಸುತ್ತು ಹೋಗಿ ಬಂದೆವು. ದಾರಿಯುದ್ದಕ್ಕೂ ನಾನು ತಮ್ಮನ ಗುಣಗಾನ ಮಾಡಿದೆ. ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡ. ಮೂರನೇ ಗೇರು ಎರಡು ಸಲ ಕಳಚಿತು. "ಬಿಚ್ಚಿ ನೋಡ್ಬೇಕು. ಶುಕ್ರವಾರ ಬನ್ನಿ" ಎಂದ. ಬಿಚ್ಚಿದ್ದನ್ನು ತೋರಿಸುವಾಗ ಇಬ್ಬರೂ ಎದುರಿಗಿರಬೇಕು ಎಂದು ದೊಡ್ಡಪ್ಪ ಕಟ್ಟಪ್ಪಣೆ ಮಾಡಿದ್ದ.

ಶುಕ್ರವಾರ ತಮ್ಮ ಕಡೂರಿನಿಂದ ಬಸ್ಸಿನಲ್ಲಿ ಬಂದ. ಪಾಲಾದ ಮೇಲೆ ನಾವು ಅಕ್ಕಪಕ್ಕ ನಿಂತದ್ದು ಅದೇ ಮೊದಲು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು. ಒಳ್ಳೆಯದೇ ಆಯಿತು ಅಂದುಕೊಂಡೆ. ಮೆಕ್ಯಾನಿಕ್ ಗೋಣಿಚೀಲದ ಮೇಲೆ ಗೇರ್ ಬಾಕ್ಸಿನ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಟ್ಟಿದ್ದ.

"ಹಲ್ಲೆಲ್ಲ ಉದುರಿರ್ಬೇಕು, ನೋಡಪ್ಪ" ಎಂದೆ, ತಮ್ಮನಿಗೆ ಕೇಳುವ ಹಾಗೆ.

"ಹಲ್ಲು ಚೆನ್ನಾಗವೆ ಮೇಡಂ. ಗೇರ್ ಒರಟಾಗಿ ಹಾಕಿದ್ರೆ ಮೊದ್ಲು ಹೋಗೋದೇ ಈ ಹಿತ್ತಾಳೆ ರಿಂಗು. ಇದೂ ಚೆನ್ನಾಗೈತೆ. ಯಾರೂ ಗೇರ್ ಜಜ್ಜಿಲ್ಲ." ಅವನು ಎರಡು ಬೆರಳಿನ ಒಂದು ಕಬ್ಬಿಣದ ಕವೆಯನ್ನು ಎತ್ತಿದ. ಮೇಲೆ ನಾವು ರಾಡ್ ತಳ್ಳಿದರೆ ಒಳಗೆ ಗೇರನ್ನು ತಳ್ಳುವುದು ಅದೇ. ಬೆರಳುಗಳ ಒಂದು ಬದಿ ಬ್ಲೇಡಿನಷ್ಟು ತೆಳ್ಳಗಾಗಿತ್ತು. "ಹೋಗಿರೋದು ಇದು. ಗೇರ್ ಬಿದ್ದ ಮೇಲೂ ರಾಡ್ ಮೇಲಿಂದ ಕೈ ತೆಗೀದಿದ್ರೆ ಇಂಗಾಗುತ್ತೆ. ಕೈ ಭಾರ ಪೂರ್ತಿ ಇದ್ರ ಮೇಲೆ ಬೀಳುತ್ತೆ, ತಿರುಗೋದಕ್ಕೆ ಉಜ್ಜಿ ಉಜ್ಜಿ ಸವೆದೋಗುತ್ತೆ. ಒಂದಿನ ಎರಡಿನದ್ದಲ್ಲ."

ಅವನು ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕೂತು ಬಂದಿದ್ದವನು, ನೋಡುವ ಅಗತ್ಯವೂ ಇರಲಿಲ್ಲ. ಅಜ್ಜಂಪುರ ಬಿಟ್ಟರೆ ತರೀಕೆರೆಯ ತನಕ ನನ್ನ ಎಡಗೈ ಇರುತ್ತಿದ್ದುದೇ ಆ ರಾಡಿನ ಮೇಲೆ. ಒಳಗಿನ ಸಣ್ಣ ನಡುಕ ಅಂಗೈಗೆ ಏರಿ ಬರುತ್ತದೆ, ಅದೇ ನನಗೆ ಸುಖ. ತಮ್ಮನ ಮುಖ ನೋಡಿದೆ. ಅವನು ನನ್ನ ಎಡಗೈ ನೋಡುತ್ತಿದ್ದ.

ನಗುತ್ತಾನೆ ಅಂದುಕೊಂಡೆ. ಎಂಟೂರಿಗೆ ಕೇಳುವ ಹಾಗೆ ನಗಬಹುದಿತ್ತು. ಶರತ್ತು ನನ್ನದೇ, ಗಾಡಿ ಆಗಲೇ ಅವನದಾಗಿತ್ತು. ಅವನು ಕವೆಯನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿ ಮೆಕ್ಯಾನಿಕ್ಕಿಗೆ ಹೇಳಿದ. "ಇದು ನಮ್ಮಪ್ಪನ ಅಭ್ಯಾಸ. ಯಾವಾಗ್ಲೂ ಕೈ ಅಲ್ಲೇ ಇಟ್ಕಂಡಿರೋರು."

ಅಪ್ಪ ಯಾವತ್ತೂ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಓಡಿಸಿದವನು. ಸಖರಾಯಪಟ್ಟಣದ ರಸ್ತೆಯಲ್ಲಿ ನನಗೆ ಈ ಕಾರು ಕಲಿಸುವಾಗ, ಗೇರ್ ಬಿದ್ದ ಮೇಲೂ ನನ್ನ ಕೈ ಅಲ್ಲೇ ಉಳಿದರೆ ಕನ್ನಡಕದ ಡಬ್ಬಿಯಿಂದ ಗೆಣ್ಣಿನ ಮೇಲೆ ಬಾರಿಸುತ್ತಿದ್ದ. "ತೆಗಿಯೇ ಕೈಯ. ಸವರಕ್ಕೆ ಅದೇನ್ ಮಗುನಾ?" ಹಿಂದಿನ ಸೀಟಿನಲ್ಲಿ ಕೂತು, ಎಷ್ಟು ಏಟು ಬಿತ್ತು ಎಂದು ಗಟ್ಟಿಯಾಗಿ ಎಣಿಸಿ ನಗುತ್ತಿದ್ದವನು ಇದೇ ತಮ್ಮ.

ಅಷ್ಟರಲ್ಲಿ ಅವನಿಗೆ ದೊಡ್ಡಪ್ಪನ ಫೋನ್ ಬಂತು. ತಮ್ಮ ಸ್ಪೀಕರ್ ಹಾಕಿದ. "ಬಿಚ್ಚಿದ್ರೇನ್ರೋ? ಯಾರ ಕೈಯಂತೆ?" ತಮ್ಮ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದ.

ಆ ಕ್ಷಣ ನನಗೆ ಅವನ ಮೇಲೆ ಬಂದಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಗಾಡಿ ಕಿತ್ತುಕೊಂಡಿದ್ದರೆ ಸಾಯುವ ತನಕ ಅವನನ್ನು ಬೈದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ನಿಜ ಹೇಳಿಬಿಡು ಎಂದು ಮನಸ್ಸು ಹೇಳಿತು. ಹೇಳಿದರೆ ಕಾರು ಆ ಸಂಜೆಯೇ ಕಡೂರಿನ ಪಾಲು.

"ಹೇಳಮ್ಮ, ಯಾರ್ದು ತಪ್ಪು?" ಎಂದ ದೊಡ್ಡಪ್ಪ.

"ಅಪ್ಪಂದು" ಎಂದೆ.