ಸಾಬಣ್ಣ ಮಿಸ್ತ್ರಿಯ ಅಸಲಿ ಮಾಲು

ಸಾಬಣ್ಣ ಮಿಸ್ತ್ರಿ ಯಾರಿಗಾದರೂ ನಮಸ್ಕಾರ ಹೇಳಿದ್ದನ್ನು ನಾನು ಕಂಡಿಲ್ಲ. ಗಾಡಿ ಬಂದು ನಿಂತರೆ ಇಳಿದವರ ಮುಖ ನೋಡದೆ ನೇರ ಬಾನೆಟ್ಟಿನ ಮೂಲೆಗೆ ಹೋಗಿ, ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ಒಮ್ಮೆ ಒತ್ತಿ ಕೈ ತೆಗೆಯುತ್ತಿದ್ದ. ಆಮೇಲೆ ಗಾಡಿ ಎಷ್ಟು ಸಲ ಕುಪ್ಪಳಿಸುತ್ತದೆ ಎಂದು ಎಣಿಸುತ್ತಿದ್ದ. ಒಮ್ಮೆ ಎದ್ದು ಸುಮ್ಮನೆ ನಿಂತರೆ ತಾನೂ ಸುಮ್ಮನಿರುತ್ತಿದ್ದ; ಅವನಿಂದ ಸಿಗಬಹುದಾದ ಅತಿ ದೊಡ್ಡ ಹೊಗಳಿಕೆ ಅದು. ಮೂರು ಸಲ ಕುಪ್ಪಳಿಸಿತೋ, ಮಾಲಕನ ಕಡೆ ತಿರುಗಿ, "ಇದು ಗಾಡಿ ಅಲ್ಲರಿ, ತೊಟ್ಟಿಲ. ಕೂಸು ಎಲ್ಲಿ ಅದ?" ಎನ್ನುತ್ತಿದ್ದ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಅವನ ತಗಡಿನ ಶೆಡ್ಡು ಇತ್ತು. ಬೋರ್ಡು ಇರಲಿಲ್ಲ. ನಮ್ಮ ಭಾಗದ ಹೊಲಗಳಿಗೆ ನೀರು ತರುವ ದೊಡ್ಡ ಕಾಲುವೆ ತೋಡುವ ಕಾಲದಲ್ಲಿ ಗುತ್ತಿಗೆದಾರರ ಕ್ಯಾಂಪಿನಲ್ಲಿ ಟಿಪ್ಪರ್ ತೊಳೆಯುವ ಕೆಲಸಕ್ಕೆ ಸೇರಿ, ಅಲ್ಲಿನ ಫೋರ್ಮನ್ನನ ಬೈಗುಳ ತಿಂದು ನಟ್ಟು ಬಿಗಿಯುವ ಪಾನಾ ಹಿಡಿಯಲು ಕಲಿತವನು. ಆ ಫೋರ್ಮನ್ ಊರಿಗೆ ಹೋಗುವಾಗ ಪಾನಾದ ಜೊತೆಗೆ ಬೈಗುಳವನ್ನೂ ಸಾಬಣ್ಣನಿಗೇ ಬಿಟ್ಟುಹೋಗಿದ್ದಿರಬೇಕು. ಕಾಲುವೆಯಲ್ಲಿ ನೀರು ಬಂದು ನಮ್ಮ ಭಾಗದವರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಅವನ ತಾತ್ಸಾರಕ್ಕೆ ಒಳ್ಳೆಯ ಮೇವು ಸಿಕ್ಕಿತು. "ನೀರ್ ಬಂತು, ಭತ್ತ ಬಂತು, ಭತ್ತದ ರೊಕ್ಕದಾಗ ಗಾಡಿ ಬಂದ್ವು. ಬುದ್ಧಿ ಮಾತ್ರ ಯಾವ ಕಾಲುವಿಯಾಗೂ ಬರಲಿಲ್ಲ ನೋಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ, ಬಂದವರಲ್ಲಿ ಹೆಚ್ಚಿನವರು ಭತ್ತದವರೇ ಆಗಿದ್ದರೂ.

ಒಮ್ಮೆ ಸುರಪುರದ ಕಡೆಯ ದೊಡ್ಡ ಜಮೀನುದಾರರೊಬ್ಬರು ಗಾಡಿ ತಂದು ನಿಲ್ಲಿಸಿ, ಹಾರನ್ ಸಾಲುತ್ತಿಲ್ಲ, ಇನ್ನೊಂದು ಕೂಡಿಸು ಎಂದರು. ಸಾಬಣ್ಣ ಗಾಡಿಯ ನಾಲ್ಕೂ ಮೂಲೆ ಒತ್ತಿ ನೋಡಿ, "ಧಣಿ, ಹಾರನ್ ಮೂರು ಅವ, ಶಾಕಪ್ಸರ್ ಒಂದೂ ಜೀವಂತ ಇಲ್ಲ. ಮುಂದಿನವ್ರಿಗೆ ಸರೀರಿ ಅಂತ ಒದರೋದು ಬಿಟ್ಟು ಒಳಗ ಕುಂತವ್ರ ಸೊಂಟ ನೋಡ್ರಿ" ಎಂದ. ಧಣಿ ಸಿಟ್ಟಿಗೆದ್ದು ಹೊರಟುಹೋದರು. ಸಾಬಣ್ಣ ಅವರ ಗಾಡಿ ರಸ್ತೆಯ ತಗ್ಗಿನಲ್ಲಿ ಕುಪ್ಪಳಿಸುವುದನ್ನು ಬಾಯಿಂದಲೇ ಎಣಿಸಿ ಒಳಗೆ ಹೋದ.

ಗಾಡಿ ಗುಂಡಿಗೆ ಬಿದ್ದಾಗ ಅದರ ಕುಣಿತವನ್ನು ಹಿಡಿದು ನಿಲ್ಲಿಸುವ ಎಣ್ಣೆಯ ಕೊಳವೆಗೆ ಕಾಗದದ ಮೇಲೆ ಶಾಕ್ ಅಬ್ಸಾರ್ಬರ್ ಎಂದು ಹೆಸರಿದ್ದರೂ, ನಮ್ಮಲ್ಲಿ ಅದು ಶಾಕಪ್ಸರ್. ನನಗೆ ಅದರ ಅಗತ್ಯ ಬಿದ್ದದ್ದು ನನ್ನ ಹೆಂಡತಿ ಶಾಂತಾಳ ಬೆನ್ನಿನಿಂದ. ಅವಳು ಯಾದಗಿರಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಾನು ರಾಮಸಮುದ್ರದ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಮನೆ ಶಹಾಪುರದಲ್ಲಿ. ಬಸ್ಸಿನ ಮೆಟ್ಟಿಲಿಂದ ಬಿದ್ದು ಅವಳ ಬೆನ್ನುಮೂಳೆಗೆ ಪೆಟ್ಟಾಗಿ ಮೂರು ತಿಂಗಳು ರಜೆ ಹಾಕಬೇಕಾಯಿತು. ರಜೆ ಮುಗಿಯುವ ಮುಂಚೆ ಡಾಕ್ಟರು, ಬಸ್ಸು ಬೇಡವೇ ಬೇಡ, ಮೆತ್ತಗೆ ಹೋಗುವ ಗಾಡಿಯಾದರೆ ಹೋಗಬಹುದು, ಒಂದೇ ಒಂದು ದೊಡ್ಡ ಹೊಡೆತ ಬಿದ್ದರೂ ಮತ್ತೆ ಹಾಸಿಗೆ ಎಂದರು. ಇನ್ನೂ ರಜೆ ಕೇಳಿದರೆ ಸಂಬಳ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಶಾಂತಾಳಿಗೆ ಕಚೇರಿ ಬೇಕಾಗಿತ್ತು. ಅವರ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಮೊದಲ ಹೆಂಗಸು ಅವಳು.

ನಮ್ಮ ಹತ್ತಿರ ಒಂದು ಗಾಡಿ ಇತ್ತು. ಕಾಲುವೆ ಕೆಲಸ ಮುಗಿಸಿ ಹೋಗುವ ಗುತ್ತಿಗೆದಾರನೊಬ್ಬನಿಂದ ನಾನು ಠೀವಿಗಾಗಿ ಕೊಂಡ ಎತ್ತರದ, ಅಗಲದ, ಮುದಿ ಗಾಡಿ. ಕಂಪನಿಯವರು ಆ ಮಾದರಿ ಮಾಡುವುದನ್ನೇ ಬಿಟ್ಟಿದ್ದರು. ಮದುವೆ ಮುಂಜಿಗೆ ಅದರಲ್ಲಿ ಇಳಿದರೆ ಜನ ತಿರುಗಿ ನೋಡುತ್ತಿದ್ದರು, ನಾವು ಮಾತ್ರ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದೆವು. ಅದಕ್ಕೆ ಹೊಸ ಶಾಕಪ್ಸರ್ ಹಾಕಿಸೋಣ ಎಂದಾಗ ಶಾಂತಾ, "ಸಾಬಣ್ಣ ಮಿಸ್ತ್ರಿ ಹತ್ರಾನೇ ಒಯ್ರಿ. ಬ್ಯಾರೆ ಕಡಿ ಬ್ಯಾಡ" ಎಂದಳು. ಆ ಬಾಯಿಬಡುಕನೇ ಯಾಕೆ ಎಂದೆ. ಅವಳು ಗಾಡಿಯ ಚಾವಿ ತಂದು ನನ್ನ ಕೈಗಿಟ್ಟಳು.

ಯಾದಗಿರಿ ಸ್ಟೇಷನ್ನಿನ ಕಡೆಯ ಒಂದು ಅಂಗಡಿಯಲ್ಲಿ ನಾನೇ ಹೋಗಿ ನಾಲ್ಕು ಶಾಕಪ್ಸರ್ ತಂದೆ. ಅಂಗಡಿಯವನು ಸರ್ ಸರ್ ಎನ್ನುತ್ತ ಚಹಾ ಕುಡಿಸಿ, ಹೊಳೆಯುವ ಡಬ್ಬಿ ತೋರಿಸಿ, ಕಂಪನಿ ಮಾಲು, ಕಣ್ಣು ಮುಚ್ಚಿ ಒಯ್ಯಿರಿ ಎಂದಿದ್ದ. ನಾನು ಕಣ್ಣು ಮುಚ್ಚಿಯೇ ಒಯ್ದೆ. ಶೆಡ್ಡಿಗೆ ತಂದರೆ ಸಾಬಣ್ಣ ಮೊದಲು ಡಬ್ಬಿಯನ್ನು ಮುಟ್ಟಲೂ ಇಲ್ಲ.

"ಡಬ್ಬಿ ಚಂದ ಅದ. ಇದನ್ನ ಗಾಡಿಗಿ ಕಟ್ರಿ, ಒಳಗಿಂದು ಬೀಸಾಕ್ರಿ," ಎಂದ. ಆಮೇಲೆ ಒಂದನ್ನು ಹೊರತೆಗೆದು ಅದರ ಸರಳನ್ನು ಒತ್ತಿದ. ಅದು ಸರಕ್ಕನೆ ಒಳಗೆ ಹೋಗಿ ಅಲ್ಲೇ ಕೂತಿತು. ಅಸಲಿಯಾದರೆ ಬಿಗಿಯಾಗಿ ಒಳಗೆ ಹೋಗಿ, ಕೈ ಬಿಟ್ಟರೆ ತಾನಾಗಿ ನಿಧಾನವಾಗಿ ಮೇಲೆ ಬರಬೇಕಂತೆ. ನನ್ನ ಎದುರಿಗೇ ಗರಗಸ ತೆಗೆದುಕೊಂಡು ಅದನ್ನು ಅಡ್ಡಕ್ಕೆ ಕೊಯ್ದ. ನಕಲಿ ಮಾಲನ್ನು ಮಾಲಕನ ಕಣ್ಣೆದುರೇ ಕೊಯ್ಯುವುದು ಅವನ ಪದ್ಧತಿ. ಕೊಯ್ದ ತುಂಡುಗಳನ್ನು ಮಾಲಕನೇ ಮನೆಗೆ ಒಯ್ಯಬೇಕು, ಶೆಡ್ಡಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹೊಸ ಬಣ್ಣದ ಕೆಳಗೆ ಹಳೆಯ ತುಕ್ಕು ಇತ್ತು. ಒಳಗಿಂದ ಕರಿ ಎಣ್ಣೆ ಸುರಿಯಿತು.

"ಸತ್ತದ್ದಕ್ಕ ರಂಗ್ ಬಳದು ಕೊಟ್ಟಾನ. ಶಾಲ್ಯಾಗ ಏನ್ ಕಲಸ್ತೀರಿ ಮಾಸ್ತರ?"

"ವಿಜ್ಞಾನ."

"ಪಾಪ, ಹುಡುಗ್ರು," ಎಂದು ಸಾಬಣ್ಣ ಗರಗಸ ಒರೆಸಿದ.

ನನ್ನ ಗಾಡಿಯ ಹಳೆಯ ಶಾಕಪ್ಸರ್ ಬಿಚ್ಚಿ, ಡೀಸೆಲಿನಲ್ಲಿ ತೊಳೆದು, ಕಬ್ಬಿಣದ ಮೇಲೆ ಕೊರೆದಿದ್ದ ನಂಬರನ್ನು ತೋರಿಸಿದ. ಅಸಲಿ ಮಾಲಿನ ನಂಬರು ಮೈಮೇಲೇ ಇರುತ್ತದೆ, ಚೀಟಿಯ ಮೇಲಲ್ಲ; ಗಾಡಿಯ ಹೆಸರು ಹೇಳಿ ಕೇಳಬೇಡಿ, ನಂಬರು ಹೇಳಿ ಕೇಳಿ ಎಂದ. ನಾನು ಮುಂದಿನದರಲ್ಲಿ ಒಂದು, ಹಿಂದಿನದರಲ್ಲಿ ಒಂದು ನೋಡಿ ಬರೆದುಕೊಂಡು ಎದ್ದೆ. ಕಲಬುರಗಿಗೆ ಹೋಗಿ, ನಾಲ್ಕಾರು ಅಂಗಡಿ ತಿರುಗಿ, ಮುಂದಿನ ಚಕ್ರಗಳಿಗೆ ಸ್ಪ್ರಿಂಗಿನ ಒಳಗೆ ಕೂಡುವಂಥ ಎರಡು ಅಸಲಿ ಶಾಕಪ್ಸರ್ ಗೆದ್ದು ತಂದೆ. ಹಿಂದಿನವು ಸಿಗಲಿಲ್ಲ. ಎದೆಯುಬ್ಬಿಸಿಕೊಂಡು ಶೆಡ್ಡಿನಲ್ಲಿ ಇಳಿದೆ. ಸಾಬಣ್ಣ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಎರಡರ ನಂಬರನ್ನೂ ಬೆರಳಿನಿಂದ ಒರೆಸಿ ಓದಿದ.

"ಮಾಸ್ತರ, ಎಡಗಾಲಿನ ಚಪ್ಪಲಿ ಎರಡೂ ಕಾಲಿಗಿ ಹಾಕ್ಕೊಂಡು ನಮ್ಮೂರು ಗೋಗಿತನಕ ನಡದು ಬರ್ರಿ. ಆಮ್ಯಾಲ ಮಾತಾಡೋಣು."

ಮುಂದಿನ ಎಡಕ್ಕೆ ಒಂದು ನಂಬರು, ಬಲಕ್ಕೆ ಇನ್ನೊಂದು. ನಾನು ಎಡದ್ದೇ ಎರಡು ತಂದಿದ್ದೆ.

ಶಾಂತಾ ಹಾಜರಾಗಲು ಹತ್ತು ದಿನ ಉಳಿದಿತ್ತು. ನನಗೆ ಸಾಕುಸಾಕಾಗಿ, ಸಿಕ್ಕಿದ್ದು ಯಾವುದಾದರೂ ಹಾಕು ಮಾರಾಯ ಎಂದುಬಿಟ್ಟೆ. ಅವನು ಹಳೆಯ ಶಾಕಪ್ಸರನ್ನೇ ಮತ್ತೆ ಕೂಡಿಸಿ, ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತಾನೇ ಗಾಡಿ ಹೊಡೆದುಕೊಂಡು ಕಾಲುವೆಯ ದಂಡೆಯ ರಸ್ತೆಗೆ ಇಳಿಸಿದ. ಟ್ರ್ಯಾಕ್ಟರುಗಳು ಕೆತ್ತಿದ ರಸ್ತೆ. ನಾನು ಒಂದು ಕೈಯಿಂದ ಸೀಟು, ಇನ್ನೊಂದು ಕೈಯಿಂದ ಬಾಗಿಲು ಹಿಡಿದರೂ ಎರಡು ಸಲ ತಲೆ ಮೇಲಕ್ಕೆ ಬಡಿಯಿತು. ಗಟ್ಟಿಮುಟ್ಟಾದ ನನ್ನ ಬೆನ್ನಿನಲ್ಲೇ ಚಳುಕು ಎದ್ದಿತು. ಸಾಕು ನಿಲ್ಲಿಸು ಎಂದು ಕೂಗಿದ ಮೇಲೆ ಗಾಡಿ ನಿಲ್ಲಿಸಿ, ಹಿಂದೆ ತಿರುಗಿದ.

"ಒಂದ್ ಮಾತ್ ಕೇಳ್ತೀನಿ. ಗಾಡಿ ನೆಟ್ಟಗಾಗೋದು ನಿಮಗ ಬೇಕಾಗ್ಯಾದೋ ಇಲ್ಲೋ?"

"ಬ್ಯಾಡಾಗಿದ್ರ ನಿನ್ನ ಬೈಗಳ ತಿನ್ನಾಕ ಯಾಕ ಬರ್ತಿದ್ದೆ?"

"ಬರ್ತೀರಿ. ಬಂದ್ ಏನ್ ಮಾಡಾಕತ್ತೀರಿ? ಮದಲ ರಂಗ್ ಬಳದದ್ದು ತಂದ್ರಿ. ಆಮ್ಯಾಲ ಎರಡೂ ಎಡದ್ದು ತಂದ್ರಿ. ಈಗ ಯಾವುದಾದ್ರೂ ಹಾಕು ಅಂತೀರಿ. ಪರೀಕ್ಷಾದಾಗ ಹುಡುಗ ಹಿಂಗ ಬರದ್ರ ನಿಮಗ ಗೊತ್ತಾಗಲ್ಲೇನು, ಅವಗ ಪಾಸಾಗೋ ಮನಸಿಲ್ಲ ಅಂತ? ಅಕ್ಕಾರು ಮನ್ಯಾಗ ಕುಂತ್ರ ನಿಮಗ ಬಿಸಿ ರೊಟ್ಟಿ ಸಿಗ್ತಾವ. ಗಾಡಿ ಕುಣಿದ್ರ ಕುಣೀಲಿ ಅಂತ ಬಿಟ್ಟೀರಿ."

ಆ ಮಾತು ಅವನಿಗೆ ನಾನೇ ಒದಗಿಸಿದ್ದು. ಶೆಡ್ಡಿನಲ್ಲಿ ಚಹಾ ಕುಡಿಯುತ್ತ, ಮನೆಯಲ್ಲಿ ಹೆಂಗಸು ಇದ್ದರೆ ಅದರ ಸುಖವೇ ಬೇರೆ ಎಂದು ಹಿಂದಿನ ವಾರ ಹರಟಿದ್ದೆ. ಎರಡನೆಯ ತಿಂಗಳಿನಿಂದ ಶಾಂತಾ ಎದ್ದು ಓಡಾಡುತ್ತಿದ್ದಳು. ಸಂಜೆ ನಾನು ಬರುವ ಹೊತ್ತಿಗೆ ಮನೆಯಲ್ಲಿ ದೀಪ ಇರುತ್ತಿತ್ತು, ರೊಟ್ಟಿ ಬಿಸಿ ಇರುತ್ತಿದ್ದವು. ರಾಜೀನಾಮೆ ಕೊಟ್ಟರೂ ನಮಗೇನು ಕಡಿಮೆ ಎಂದು ಎರಡು ಸಲ ಅವಳಿಗೆ ಹೇಳಿಯೂ ಇದ್ದೆ. ಬೇಕೆಂದೇ ನಕಲಿ ತಂದಿರಲಿಲ್ಲ, ನಿಜ. ಆದರೆ ಅಸಲಿ ಸಿಗದಿದ್ದಾಗ ನನಗೆ ದುಃಖವಾಗಿರಲಿಲ್ಲ. ಎಣ್ಣೆಗೈಯ ಮನುಷ್ಯನೊಬ್ಬ ಅದನ್ನು ಓದಿಬಿಟ್ಟಿದ್ದ. ನಾಚಿಕೆಯಿಂದ ನನ್ನ ಕಿವಿ ಸುಟ್ಟವು. ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಮರುದಿನ ಹೋದರೆ ಶೆಡ್ಡಿಗೆ ಬೀಗ. ಹಬ್ಬಕ್ಕೂ ಮುಚ್ಚದ ಶೆಡ್ಡು ಮೂರು ದಿನ ತೆರೆಯಲಿಲ್ಲ. ನಾಲ್ಕನೆಯ ದಿನ ಮುಂಜಾನೆ ಸಾಬಣ್ಣ ನಮ್ಮ ಮನೆಯ ಮುಂದೆ ನಿಂತಿದ್ದ. ಯಾದಗಿರಿಯಿಂದ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಬಂದಿದ್ದ. ಗೋಣಿಚೀಲದಲ್ಲಿ ಮೂರು ಶಾಕಪ್ಸರ್: ಮುಂದಿನ ಬಲದ್ದು, ಹಿಂದಿನವು ಎರಡು. ಡಬ್ಬಿಗಳು ಇಲಿ ಕಡಿದು ಹರಿದಿದ್ದವು.

"ಮುದುಕಂದೊಂದು ಅಂಗಡಿ ಅದ. ನಂಬರ್ ಓದಿದ ಕೂಡ್ಲೆ ಚಹಾ ಗಿಹಾ ಏನಿಲ್ಲ, ಸೀದಾ ಒಳಗ ಹೋಗಿ ತಂದ. ಇವನ್ನ ಮಲಗಿಸಬಾರದು, ಒಳಗ ಗಾಳಿ ಹಿಡೀತದ. ಅದಕ್ಕ ತೊಡಿ ಮ್ಯಾಲ ನಿಂದ್ರಿಸ್ಕೊಂಡು ಬಂದೀನಿ," ಎಂದು ಅವನು ಹೇಳಿದ್ದು ನನಗಲ್ಲ, ಬಾಗಿಲಲ್ಲಿ ನಿಂತಿದ್ದ ಶಾಂತಾಳಿಗೆ.

ನಾಲ್ಕನ್ನೂ ಕೂಡಿಸಿದ ಮೇಲೆ ಅವಳನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿದ. ನಾನು ಅವನ ಪಕ್ಕದಲ್ಲಿ.

"ಅಕ್ಕಾರ, ಕಣ್ಣು ಮುಚ್ಚಿ ಕುಂದರ್ರಿ. ನೋವಾದ್ರ ನನಗ ಹೇಳ್ರಿ, ಮಾಸ್ತರಿಗಿ ಹೇಳಬ್ಯಾಡ್ರಿ."

ಭೀಮಾ ಸೇತುವೆಯವರೆಗೆ ಹೋಗಿ ಬಂದೆವು. ತಗ್ಗು ಬಂದಾಗಲೆಲ್ಲ ನಾನು ತಿರುಗಿ ಅವಳ ಮುಖ ನೋಡುತ್ತಿದ್ದೆ. ಗಾಡಿ ಒಮ್ಮೆ ಇಳಿಯುತ್ತಿತ್ತು, ಒಮ್ಮೆ ಏಳುತ್ತಿತ್ತು, ಅಷ್ಟೇ. ದೋರನಹಳ್ಳಿ ದಾಟಿದ ಮೇಲೆ ಶಾಂತಾ, "ನೋವಿಲ್ಲರಿ. ಆದ್ರ ಮುಂದ ಎಡಗಡಿ ಏನೋ ಟಕ್ ಟಕ್ ಅಂತದ" ಎಂದಳು. ಸಾಬಣ್ಣ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಎಡಗಡೆ ಮೇಲಿನ ನಟ್ಟನ್ನು ಅರ್ಧ ಸುತ್ತು ಬಿಗಿಮಾಡಿದ. ಅವನು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ. "ಕಿವಿ ಅಂದ್ರ ಇದು. ಮಾಸ್ತರಿಗಿ ಡಬ್ಬಿ ಓದೋದೊಂದೇ ಬರ್ತದ" ಎಂದ.

ಸೋಮವಾರ ಶಾಂತಾ ಕಚೇರಿಗೆ ಹಾಜರಾದಳು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅದೇ ಗಾಡಿಯಲ್ಲಿ ಅವಳನ್ನು ಯಾದಗಿರಿಯಲ್ಲಿ ಇಳಿಸಿ ನಾನು ರಾಮಸಮುದ್ರಕ್ಕೆ ಹೋದೆ. ಸಂಜೆ ಇಬ್ಬರೂ ತಣ್ಣಗಾದ ರೊಟ್ಟಿ ತಿಂದೆವು, ಕೆಲವೊಮ್ಮೆ ನಾನು ಬಡಿದವನ್ನೂ ತಿಂದೆವು. ಅವುಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಸಾಬಣ್ಣ ಈಗ ಇಲ್ಲ. ಶೆಡ್ಡು ಇದ್ದ ಜಾಗದಲ್ಲಿ ಗಾಜಿನ ಬಾಗಿಲಿನ ಅಂಗಡಿ ಬಂದಿದೆ. ಅಲ್ಲಿ ಎಲ್ಲರೂ ನಮಸ್ಕಾರ ಹೇಳುತ್ತಾರೆ, ಗಾಡಿಯನ್ನು ಯಾರೂ ಮುಟ್ಟುವುದಿಲ್ಲ. ಅವನನ್ನು ಕೊನೆಯ ಸಲ ನೋಡಿದ್ದು ಗೋಗಿಯ ಅವನ ಮನೆಯಲ್ಲಿ. ಉಸಿರಿನ ತೊಂದರೆಯಿಂದ ಹಗ್ಗದ ಹೊರಸಿನ ಮೇಲೆ ಒರಗಿ ಕೂತಿದ್ದ. ನನ್ನನ್ನು ನೋಡಿದರೂ ನೋಡದಂತಿದ್ದು, ಶಾಂತಾಳನ್ನು, "ಡ್ಯೂಟಿ ನಡದಾದಲ್ರಿ, ಅಕ್ಕಾರ?" ಎಂದು ಕೇಳಿದ.

"ನಡದಾದ. ಹೋದ ತಿಂಗಳ ಶಿರಸ್ತೇದಾರ ಮಾಡ್ಯಾರ."

ಸಾಬಣ್ಣ ತಲೆಯಾಡಿಸಿ ಕಣ್ಣು ಮುಚ್ಚಿದ. ಊರಿನವರ ಮರ್ಯಾದೆಯನ್ನೆಲ್ಲ ರಸ್ತೆಯಲ್ಲಿ ಹರಾಜು ಹಾಕುತ್ತಿದ್ದ ಆ ಮನುಷ್ಯ, ಕಾಲುವೆ ದಂಡೆಯ ಮೇಲೆ ನನಗೆ ಹೇಳಿದ್ದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅದು ನನ್ನನ್ನು ಅವನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಊರಿಗೆ ಮರಳುವಾಗ ಗಾಡಿ ನಿಧಾನ ಮಾಡಿ ಶಾಂತಾಳಿಗೆ ಎಲ್ಲವನ್ನೂ ಹೇಳಿದೆ: ಬಿಸಿ ರೊಟ್ಟಿ, ರಾಜೀನಾಮೆ, ಗಾಡಿ ನೆಟ್ಟಗಾಗುವುದು ನನಗೆ ಬೇಕಾಗಿರಲಿಲ್ಲ ಎಂದು ಅವನು ಹೇಳಿದ್ದು, ಅದು ನಿಜವಾಗಿದ್ದದ್ದು.

ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

"ನನಗ ಅವಾಗೇ ಗೊತ್ತಿತ್ತು," ಎಂದಳು. "ಬ್ಯಾರೆ ಮಿಸ್ತ್ರಿ ಆಗಿದ್ರ ನೀವ್ ಹೇಳಿದಂಗ ಕೇಳ್ತಿದ್ದ. ಅದಕ್ಕ ಸಾಬಣ್ಣನ ಹತ್ರ ಒಯ್ರಿ ಅಂದಿದ್ದೆ."