ತೆಪ್ಪದ ಬೆನ್ನು ಹತ್ತಿದ ಯಂತ್ರ

ಕಡಲಿಲ್ಲದ ಊರಲ್ಲಿ ಕುಳಿತು ಕಡಲಿನ ಕಸ ಎತ್ತುವ ಯಂತ್ರ ಮಾಡುತ್ತೇನೆಂದರೆ ಯಾರು ನಗುವುದಿಲ್ಲ? ಹೊಸಪೇಟೆಯಲ್ಲಿ ಶೆಡ್ ಬಾಡಿಗೆಗೆ ಹಿಡಿದಾಗ ದೊಡ್ಡಪ್ಪನೇ ಮೊದಲು ನಕ್ಕ.

"ಸಮುದ್ರ ಎಲ್ಲೈತವ್ವ ಇಲ್ಲಿ? ಬಕೀಟಿನ್ಯಾಗ ಬಿಡ್ತಿಯೇನು?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ನಮ್ಮ ಹೊಳಿ ಎಲ್ಲಿಗೆ ಹೋಗ್ತೈತಿ ದೊಡ್ಡಪ್ಪ? ಸಮುದ್ರಕ್ಕ ಹೌದಿಲ್ಲೋ? ಕಸಾನ ಇಲ್ಲೇ ಹಿಡದ್ರ ಆತು!" ಎಂದೆ.

ದೊಡ್ಡಪ್ಪ ಕಂಪ್ಲಿ ಹೊಳೆಯಲ್ಲಿ ಮೀನು ಹಿಡಿಯುವವರಿಗೆಲ್ಲ ಹಿರಿಯ. ಅವನು ಹೂಂ ಅನ್ನದೆ ಆ ದಡದಲ್ಲಿ ಏನೂ ನೀರಿಗಿಳಿಯುವುದಿಲ್ಲ. ಕಾಡಿ ಬೇಡಿ ಒಪ್ಪಿಸಿದೆ. ಯಾರೂ ನಡೆಸಬೇಕಿಲ್ಲ, ಕ್ಯಾಮೆರಾದಲ್ಲಿ ನೋಡಿ ತಾನೇ ಪ್ಲಾಸ್ಟಿಕ್ ಹುಡುಕಿ ಬಾಚಿಕೊಳ್ಳುತ್ತದೆ ಎಂದು ಜಂಬ ಕೊಚ್ಚಿ ಯಂತ್ರ ಇಳಿಸಿದರೆ, ಅದು ನೆಟ್ಟಗೆ ದೊಡ್ಡಪ್ಪನ ತೆಪ್ಪದ ಬೆನ್ನು ಹತ್ತಬೇಕೇ! ನಮ್ಮ ಕಡೆ ಬಿದಿರಿನ ದುಂಡು ತೆಪ್ಪಕ್ಕೆ ಈಗ ತೊಗಲಿನ ಬದಲು ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಅಂಚಿನಲ್ಲಿ ಇಣುಕುತ್ತಿದ್ದ ಆ ಚೀಲವನ್ನೇ ಯಂತ್ರ ಕಸವೆಂದುಕೊಂಡಿತ್ತು. ದೊಡ್ಡಪ್ಪ ಹುಟ್ಟು ಹಾಕಿ ಹಾಕಿ ತಪ್ಪಿಸಿಕೊಳ್ಳುತ್ತಾನೆ, ಅದು ಬಿಡದೆ ಹಿಂದೆಯೇ. ದಡದವರು ಬಿದ್ದು ಬಿದ್ದು ನಕ್ಕರು.

"ನನಗ ಅನ್ನ ಹಾಕೋ ತೆಪ್ಪ ಇದಕ್ಕ ಕಸ ಆತೇನು? ಇನ್ನೊಂದ್ ಸಲ ಬಿಡ್ತೀನಿ. ಆಗೂ ಮುಟ್ಟಿದ್ರ ಗುಜರಿಗೆ ಹಾಕ್ಬಿಡ್ತೀನಿ, ಹೊಳಿ ಕಡಿ ಬರಾದು ಬ್ಯಾಡ!" ಎಂದು ದೊಡ್ಡಪ್ಪ ಗುಡುಗಿದ.

ಶೆಡ್ಡಿಗೆ ಬಂದು ಅತ್ತೆ. ಅತ್ತ ಮೇಲೆ ಬುದ್ಧಿ ಬಂತು. ಕಸ ಹೊಳೆ ಎಳೆದತ್ತ ಹೋಗುತ್ತದೆ. ಹುಟ್ಟು ಹಾಕುವವನ ತೆಪ್ಪ ಹೋಗುವುದಿಲ್ಲ. ಹತ್ತಿರ ಹೋದ ಮೇಲೆ ಯಂತ್ರ ತುಸು ನಿಂತು ನೋಡಲಿ, ಹರಿವಿನ ಜೊತೆ ಸಾಗದ್ದನ್ನು ಬಿಟ್ಟುಬಿಡಲಿ. ಅದನ್ನೇ ಅದಕ್ಕೆ ಕಲಿಸಿದೆ.

ಮತ್ತೆ ಇಳಿಸಿದ ದಿನ ದೊಡ್ಡಪ್ಪ ಬೇಕೆಂದೇ ತೆಪ್ಪವನ್ನು ಅದರ ದಾರಿಗೆ ಅಡ್ಡ ತಂದು, ಹರಿವಿಗೆ ಎದುರಾಗಿ ಹುಟ್ಟು ಹಾಕುತ್ತ ನಿಲ್ಲಿಸಿದ. ಯಂತ್ರ ಬಂತು. ನಿಂತಿತು. ನೋಡಿತು, ಪಕ್ಕಕ್ಕೆ ಸರಿಯಿತು, ತೆಪ್ಪದ ಮಗ್ಗುಲಲ್ಲೇ ತೇಲುತ್ತಿದ್ದ ನೀರಿನ ಬಾಟಲಿಯನ್ನು ಗಬಕ್ಕನೆ ಬಾಚಿಕೊಂಡಿತು! ದಡವೆಲ್ಲ ಹೋ ಎಂದು ಕೂಗಿತು. ಎಲ್ಲರಿಗಿಂತ ಜೋರಾಗಿ ಕಿರುಚಿದವಳು ನಾನೇ. ಮಧ್ಯಾಹ್ನದೊಳಗೆ ದಡದ ಮೇಲೆ ಬಾಟಲಿ, ಚೀಲಗಳ ಗುಡ್ಡೆ ಬಿತ್ತು.

ದೊಡ್ಡಪ್ಪ ಗುಡ್ಡೆ ನೋಡಿದ, ಯಂತ್ರ ನೋಡಿದ. "ಮಸ್ತ್ ಐತಿ ಬಿಡವ್ವ. ನಾಳಿಂದ ಮೊದ್ಲು ಅದು ಇಳೀಲಿ. ನಾ ಆಮ್ಯಾಲ ಬಲಿ ಬೀಸ್ತೀನಿ."

ನಾನು ಹುಟ್ಟಿದಾಗಿನಿಂದ ಆ ಹೊಳೆಗೆ ಬೆಳಿಗ್ಗೆ ದೊಡ್ಡಪ್ಪನಿಗಿಂತ ಮೊದಲು ಯಾರೂ ಇಳಿದದ್ದಿಲ್ಲ.